ಬನ್ನಂಜೆಯ ಮಾಡು, ರೇಣುಕವ್ವನ ಹೊಟ್ಟೆಕಿಚ್ಚು

ಉಡುಪಿಯ ಅಂಬಲಪಾಡಿಯಲ್ಲಿ ಹೆದ್ದಾರಿಯಿಂದ ಒಳಗೆ ಇಳಿಯುವ ಓಣಿಯೊಂದರಲ್ಲಿ ಗುಣಪಾಲ ಎಂಬವರ ಐದು ಬಾಡಿಗೆ ಕೋಣೆಗಳ ಸಾಲು ಇದೆ. ಆ ಸಾಲಿನ ಕೊನೆಯ ಕೋಣೆ ರೇಣುಕವ್ವನದು. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸದ್ದು ಶುರುವಾಯಿತೆಂದರೆ ಉಳಿದ ನಾಲ್ಕು ಕೋಣೆಯವರಿಗೆ ಎಬ್ಬಿಸುವವರು ಬೇರೆ ಬೇಕಾಗುವುದಿಲ್ಲ.

ರೇಣುಕವ್ವ ಕುಷ್ಟಗಿ ಕಡೆಯವಳು. ಮದುವೆಯಾದ ಮರುವರ್ಷವೇ ಗಂಡ ಬಾಲಪ್ಪನ ಜೊತೆ ಉಡುಪಿಯ ಬಸ್ಸು ಹತ್ತಿದ್ದಳು. ಮೊದಲ ಎಂಟು ವರ್ಷ ಮಣಿಪಾಲದಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಟ್ಟಡಗಳಿಗೆ ತಲೆಯ ಮೇಲೆ ಕಾಂಕ್ರೀಟು ಹೊತ್ತಳು. ಸೊಂಟ ಹಿಡಿದುಕೊಂಡ ಮೇಲೆ ಆ ಕೆಲಸ ಬಿಟ್ಟು ಜೋಳದ ರೊಟ್ಟಿಗೆ ಕೈ ಹಾಕಿದಳು. ತಮ್ಮ ಕಡೆಯ ಕೂಲಿಯವರು ಕೊಂಡರು. ಆಮೇಲೆ ಮಣಿಪಾಲದ ಎರಡು ಮೆಸ್ಸಿನವರೂ ಕೇಳಿಕೊಂಡು ಬಂದರು. ಅವಳ ರೊಟ್ಟಿ ತಟ್ಟೆಯ ಅಂಚು ದಾಟುವಷ್ಟು ಅಗಲ, ಎತ್ತಿ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಅದರಲ್ಲಿ ಅವಳಿಗೆ ಹೆಮ್ಮೆ ಇತ್ತು.

ಇಲ್ಲದ್ದು ಒಂದೇ. ಕೋಣೆಯ ಹಿಂದೆ ಕೆಂಪುಕಲ್ಲು ಜೋಡಿಸಿ ಮಾಡಿಕೊಂಡ ಅವಳ ಕಟ್ಟಿಗೆ ಒಲೆಯ ಮೇಲೆ ಸೂರು, ಇಲ್ಲಿನವರು ಹೇಳುವ ಮಾಡು, ಇರಲಿಲ್ಲ. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಬಿಸಿಲು, ಮುಖಕ್ಕೆ ಬೆಂಕಿ. ಮಳೆಗಾಲ ಬಂತೆಂದರೆ ನಾಲ್ಕು ಬಿದಿರಿಗೆ ತಾಡಪತ್ರಿ ಕಟ್ಟಬೇಕು. ಅದರಲ್ಲಿ ನೀರು ನಿಂತು ಹೊಟ್ಟೆ ಬಿಟ್ಟುಕೊಂಡು ಜೋಲುತ್ತಿತ್ತು. ಹೋದ ವರ್ಷ ಗಾಳಿಗೆ ಅದರ ತುದಿ ಒಲೆಗೆ ಬಡಿದು ಹೊತ್ತಿಕೊಂಡು, ಅವಳ ಹಣೆಗೂದಲೂ ಸುಟ್ಟಿತ್ತು. ಜಡಿಮಳೆಯ ದಿನಗಳಲ್ಲಿ ಕೋಣೆಯೊಳಗೆ ಗ್ಯಾಸಿನ ಮೇಲೆ ರೊಟ್ಟಿ ಸುಟ್ಟರೆ ಕಟ್ಟಿಗೆ ಒಲೆಯ ರುಚಿ ಇಲ್ಲವೆಂದು ಮೆಸ್ಸಿನವರು ಮುಖ ಸಿಂಡರಿಸುತ್ತಿದ್ದರು.

ಬಾಲಪ್ಪ ಮಾಡು ಕಟ್ಟುವುದರಲ್ಲಿ ಪಳಗಿದವನು. ಗಾರೆ ಕೆಲಸಕ್ಕೆಂದು ಬಂದವನು ಹೆಂಚು ಹೊದಿಸುವುದನ್ನೂ ವೆಲ್ಡಿಂಗನ್ನೂ ಇಲ್ಲಿಯೇ ಕಲಿತ. ಕಾಪು, ಕಾರ್ಕಳದಿಂದಲೂ ಅವನಿಗೆ ಕರೆ ಬರುತ್ತಿತ್ತು. ಅಂಥವನಿಗೆ ಅವಳು ನಾಲ್ಕು ವರ್ಷದಿಂದ ಹೇಳುತ್ತಲೇ ಬಂದಿದ್ದಳು. ಅವನದು ಪ್ರತಿ ಸಲವೂ ಒಂದೇ ಉತ್ತರ.

"ಮಾಲಕರು ಒಪ್ಪಂಗಿಲ್ಲ. ಅವರ ಜಾಗಾದಾಗ ಕಂಬ ಹುಗಿಯಾಕ ಬರೂದಿಲ್ಲ."

ಮಾಲಕರು ಒಪ್ಪದಿದ್ದರೆ ಇವನಾದರೂ ಏನು ಮಾಡಿಯಾನು ಎಂದು ಅವಳು ಸುಮ್ಮನಾಗುತ್ತಿದ್ದಳು.

ಈ ಮೇ ತಿಂಗಳ ಕೊನೆಗೆ ಬಾಲಪ್ಪನಿಗೆ ಹತ್ತಿರದ ಬನ್ನಂಜೆಯಲ್ಲಿ ಒಂದು ಕೆಲಸ ಸಿಕ್ಕಿತು. ಒಲಿಂಡಾ ಎನ್ನುವವರ ಮನೆ. ಬ್ಯಾಂಕಿನಿಂದ ನಿವೃತ್ತಿಯಾದ ಹೆಂಗಸು, ಮದುವೆಯಾದವರಲ್ಲ. ಹಿತ್ತಲಿನಲ್ಲಿ ಮೀನು, ಕೋಳಿ ಸುಡುವುದಕ್ಕೆಂದು ಇಟ್ಟಿಗೆಯ ಒಂದು ಗ್ರಿಲ್ ಕಟ್ಟಿಸಿಕೊಂಡಿದ್ದರು. ಹಡಗಿನಲ್ಲಿ ಕೆಲಸ ಮಾಡುವ ತಮ್ಮ ಆಲ್ವಿನ್ ಜೂನ್ ಮೊದಲ ವಾರ ರಜೆಯಲ್ಲಿ ಬರುವವನಿದ್ದ. ಅಷ್ಟರೊಳಗೆ ಆ ಗ್ರಿಲ್ಲಿನ ಮೇಲೊಂದು ಮಾಡು ಆಗಬೇಕು, ಮಳೆ ಬಂದರೂ ಸುಡುವುದು ನಿಲ್ಲಬಾರದು.

ಮೊದಲ ದಿನ ಅಳತೆ ತೆಗೆದುಕೊಂಡು ಬಂದ ಬಾಲಪ್ಪ ಊಟಕ್ಕೆ ಕೂತಲ್ಲಿಯೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ. ಕೈ ಎಂಜಲಾಗಿದೆ ಎಂಬುದೂ ಅವನಿಗೆ ನೆನಪಿರಲಿಲ್ಲ.

"ತಗಡು ಬ್ಯಾಡ ಅಂದಾರ ಅಮ್ಮಾರು. ಅವರ ಹಳೀ ಮನಿ ಹೆಂಚು ಒಟ್ಟಿ ಇಟ್ಟಾರ. ಎಂಥಾ ಹೆಂಚು ಅಂತೀ! ಈಗಿನ ಹೆಂಚು ಹಂಗ ಇರಂಗಿಲ್ಲ. ನಾಕು ಕಂಬ, ಪಡುವಣ ಕಡೆ ಇಳಿಜಾರು. ಮಳಿ ಆ ಕಡಿಂದ ಹೊಡೀತೈತಲ್ಲ, ಅದಕ್ಕ."

"ಆ ಒಲಿ ದಿನಾ ಹಚ್ಚತಾರೇನು?" ರೇಣುಕವ್ವ ಕೇಳಿದಳು.

"ಐತ್ವಾರಕ್ಕೊಮ್ಮಿ. ಕೆಲವು ಐತ್ವಾರ ಅದೂ ಇಲ್ಲಂತ."

ಐತವಾರಕ್ಕೊಮ್ಮೆ ಹೊತ್ತುವ ಒಲೆಗೆ ಹೆಂಚಿನ ಮಾಡು. ದಿನಕ್ಕೆರಡು ಹೊತ್ತು ಹೊತ್ತುವ ಒಲೆಗೆ ತೂತು ಬಿದ್ದ ತಾಡಪತ್ರಿ. ಒಂದು ಒಲೆಯನ್ನು ಕಂಡು ಹೊಟ್ಟೆಕಿಚ್ಚು ಪಡುವುದುಂಟೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಎರಡನೆಯ ದಿನ ಬಾಲಪ್ಪನ ಜೊತೆ ಕೆಲಸಕ್ಕೆ ಬರುವವನು ತಂಗಿಯ ಮದುವೆಗೆಂದು ಊರಿಗೆ ಹೋದ. "ಹೆಂಚು ಎತ್ತಿಕೊಡಾಕ ಒಬ್ಬರು ಬೇಕು, ಎರಡು ದಿನ ಬಾ" ಎಂದ ಬಾಲಪ್ಪ. ಸೊಂಟದ ನೆಪ ಹೇಳಬಹುದಿತ್ತು. ಆದರೆ ಅವಳಿಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ರೊಟ್ಟಿ ಬೇಗ ಮುಗಿಸಿ ಹೊರಟಳು.

ಒಲಿಂಡಾ ಅವರ ಹಿತ್ತಲು ಅಚ್ಚುಕಟ್ಟಾಗಿತ್ತು. ಹುಳಿಕಾಯಿ ಬಿಡುವ ಒಂದು ಬಿಂಬುಳಿ ಮರ, ಕಾಂಪೌಂಡಿಗೆ ತಾಗಿ ಕರಿಬೇವು, ಅದರ ಪಕ್ಕಕ್ಕೆ ಗ್ರಿಲ್. ಬಾಲಪ್ಪ ಕಂಬಗಳನ್ನು ನಿಲ್ಲಿಸಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಬೆಸೆದ. ಆಮೇಲೆ ಹೆಂಚಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಒಂದೊಂದೇ ಹೆಂಚನ್ನು ಕೈಗೆತ್ತಿಕೊಂಡು, ಪಾಚಿ ಉಜ್ಜಿ, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದು ಕೇಳುತ್ತಿದ್ದ. ಸದ್ದು ಒಡಕಾಗಿದ್ದರೆ ಆಚೆಗೆ, ಗಟ್ಟಿಯಾಗಿದ್ದರೆ ಈಚೆಗೆ. ರೇಣುಕವ್ವ ಕಲ್ಲಿನಂತೆ ನಿಂತು ನೋಡಿದಳು. ತನ್ನ ಮನೆಯ ಬಾಗಿಲಿನ ಚಿಲಕ ಕಳಚಿ ಆರು ತಿಂಗಳಾಗಿತ್ತು. ಅದಕ್ಕೆ ಒಂದು ಮೊಳೆ ಹೊಡೆಯಲು ಈ ಕೈಗಳಿಗೆ ಬಿಡುವಾಗಿರಲಿಲ್ಲ.

ಹನ್ನೊಂದು ಗಂಟೆಗೆ ಒಲಿಂಡಾ ಚಹಾ ತಂದರು. ಬಾಲಪ್ಪನಿಗೆ ಪಿಂಗಾಣಿ ಕಪ್ಪು, ಬಿಸ್ಕತ್ತು. ರೇಣುಕವ್ವನಿಗೂ ಹಾಗೆಯೇ ಕೊಟ್ಟರು, ಅದರಲ್ಲೇನೂ ಭೇದ ಮಾಡಲಿಲ್ಲ. ಆಮೇಲೆ ಕುರ್ಚಿ ಹಾಕಿಕೊಂಡು ಕೂತು ಹೆಂಚಿನ ಬಗ್ಗೆ, ಕಾಪುವಿನಲ್ಲಿದ್ದ ತಮ್ಮ ಅಜ್ಜನ ಮನೆಯ ಬಗ್ಗೆ ಮಾತಾಡಿದರು. ಬಾಲಪ್ಪ ಏನೋ ಹೇಳಿದ. ಅವರು ನಕ್ಕರು. ಬಾಲಪ್ಪನೂ ಬಾಯಿ ತುಂಬ ನಕ್ಕ.

ಆ ನಗುವನ್ನು ರೇಣುಕವ್ವ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಅದು ಮುಗಿದೇ ಹೋಗಿದೆ ಎಂದುಕೊಂಡಿದ್ದಳು. ಮುಗಿದಿರಲಿಲ್ಲ, ಮನೆಗೆ ತರುತ್ತಿರಲಿಲ್ಲ ಅಷ್ಟೆ. ಒಲಿಂಡಾ ಅವರ ಮೇಲೆ ಕೆಟ್ಟ ಅನುಮಾನವೇನೂ ಅವಳಿಗೆ ಬರಲಿಲ್ಲ. ಬಂದಿದ್ದರೆ ಎದುರಿಗೇ ಕೇಳಿ ಜಗಳವಾಡಬಹುದಿತ್ತು. ಇದು ಜಗಳವಾಡುವುದಕ್ಕೂ ಬಾರದ ಸಂಕಟ.

ಚಹಾದ ಕಪ್ಪು ತೊಳೆದಿಟ್ಟು ಬರುವಾಗ ಅವಳ ಕಣ್ಣು ಮೇಲಕ್ಕೆ ಹೋಯಿತು. ಪಟ್ಟಿಗಳು ಪಡುವಣಕ್ಕೆ ಇಳಿದಿದ್ದವು, ಮನೆಯ ಕಡೆಗೆ ಏರಿದ್ದವು. ಮಳೆಗೆ ಸರಿ. ಆದರೆ ಹೊಗೆ? ದಿನವಿಡೀ ಹೊಗೆಯ ಜೊತೆಗೇ ಬದುಕುವವಳಿಗೆ ಅದು ಎತ್ತ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಡಿನ ಅಡಿಗೆ ಬಡಿದು, ಇಳಿಜಾರಿನ ಒಳಮೈ ಹಿಡಿದು ಮೇಲಕ್ಕೆ ಜಾರಿ, ಎತ್ತರದ ಅಂಚಿನಿಂದ ನೇರ ಮನೆಯ ಕಿಟಕಿಗೆ ನುಗ್ಗುತ್ತದೆ. ಹಿಂದಿನಿಂದ ಕಡಲಗಾಳಿ ಬೇರೆ ಅದನ್ನು ತಳ್ಳುತ್ತದೆ.

"ಕೇಳ್ರಿಲ್ಲೆ..." ಎಂದು ಬಾಯಿ ತೆರೆದಳು.

ಅಷ್ಟರಲ್ಲಿ ಒಲಿಂಡಾ ಅವಳ ಕಡೆ ತಿರುಗಿದರು. "ನಿಮ್ಮ ಗಂಡನ ಕೆಲಸ ಎಂತ ನಾಜೂಕು ಉಂಟು ಮಾರಾಯ್ತಿ! ನಿಮ್ಮ ಮನೆಯಲ್ಲಿಯೂ ಎಲ್ಲ ಹೀಗೇ ಚಂದ ಮಾಡಿ ಇಟ್ಟಿರಬೇಕು ಅಲ್ವಾ?"

ಬಾಲಪ್ಪ ತಲೆ ತಗ್ಗಿಸಿ ಹೆಂಚು ಉಜ್ಜಿದ. ರೇಣುಕವ್ವ, "ಹೌದ್ರೀ ಅಮ್ಮಾರ" ಎಂದಳು. ಹೊಗೆಯ ಮಾತನ್ನು ನುಂಗಿಕೊಂಡಳು.

ಅಂದು ಸಂಜೆ ಮೂರು ರೊಟ್ಟಿ ಕಟ್ಟಿಕೊಂಡು ಗುಣಪಾಲರ ಮನೆಗೆ ಹೋದಳು. ಗುಣಪಾಲ ಮಲ್ಪೆಗೆ ಬೋಟಿನ ಕೆಲಸಕ್ಕೆ ಹೋಗಿದ್ದರು. ಅವರ ಹೆಂಡತಿ ಪುಷ್ಪಾವತಿ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು.

"ಅಕ್ಕಾರ, ನನ್ನ ಒಲಿ ಮ್ಯಾಲ ಒಂದು ಚಪ್ಪರ ಹಾಕ್ಕೊಳ್ಳಾಕ ನೀವು ಒಪ್ಪಿಗಿ ಕೊಡೂದಿಲ್ಲಂತ. ಯಾಕ್ರೀ ಅಕ್ಕಾರ? ನಾವೇನ್ ಜಾಗಾ ಹೊತ್ತುಕೊಂಡು ಹೋಗತೀವೇನು?"

ಪುಷ್ಪಾವತಿ ನೂಲು ಹಿಡಿದ ಕೈ ನಿಲ್ಲಿಸಿದರು. "ಯಾರು ಹೇಳಿದ್ದು ಹಾಗೆ? ನಮ್ಮ ಹತ್ರ ಯಾರೂ ಕೇಳಲೇ ಇಲ್ಲ ರೇಣುಕಾ."

"ನಮ್ಮ ಮನಿಯವರು ಕೇಳಿಲ್ಲೇನ್ರೀ?"

"ಬಾಲಪ್ಪನಾ? ಇಲ್ಲಪ್ಪ. ನೀವು ಆ ಟರ್ಪಾಲಿನ ಅಡಿಯಲ್ಲಿ ಒದ್ದಾಡುವುದು ನೋಡಿ ನಾನೇ ಇವರ ಹತ್ರ ಹೇಳಿದ್ದೆ, ಮಾಡು ಕಟ್ಟುವವನ ಹೆಂಡತಿಗೇ ಮಾಡು ಇಲ್ಲ ಅಂತ. ಗೋಡೆಗೆ ತಾಗಿಸಬೇಡಿ, ಅಷ್ಟೆ. ಕಂಬ ಹಾಕಿ ಮಾಡಿಕೊಳ್ಳಿ, ಅದಕ್ಕೆಂತ?"

ರೇಣುಕವ್ವ ಕೋಣೆಗೆ ವಾಪಸು ಬಂದಳು. ಮಳೆಗಾಲ ಬಂದಾಗಲೆಲ್ಲ, ಮಾಲಕರು ಒಪ್ಪಲಿಲ್ಲ ಎಂದುಕೊಂಡು ಆ ಪುಣ್ಯಾತಗಿತ್ತಿಯ ಮೇಲೆ ಮನಸ್ಸಿನಲ್ಲಿಯೇ ಹಲ್ಲು ಕಡಿದದ್ದು ನೆನಪಾಗಿ ನಾಚಿಕೆಯಾಯಿತು. ಬಾಲಪ್ಪ ಬಂದು ಕೈಕಾಲು ತೊಳೆದು ಕೂತ. ಅವಳು ಜಗಳ ತೆಗೆಯಲಿಲ್ಲ. ರೊಟ್ಟಿ, ಪುಂಡಿಸೊಪ್ಪಿನ ಪಲ್ಯ ಬಡಿಸಿದಳು.

"ನಾಳಿಗೆ ಹೆಂಚು ಹೊದಿಸಿ ಮುಗಸ್ತೀನಿ" ಎಂದ ಅವನು. "ಹೆಂಗ್ ಕಾಣತೈತಿ, ಹೇಳು?"

"ಚಂದ ಕಾಣತೈತಿ."

"ಏನರ ಕಡಿಮಿ ಐತೇನು?"

ಅವನು ಕೇಳಿದ್ದ. ಹೇಳುವುದಾದರೆ ಆಗಲೇ ಹೇಳಬೇಕಿತ್ತು. "ಏನೂ ಇಲ್ಲ" ಎಂದು ಅವಳು ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದಳು.

ಜೂನಿನ ಮೊದಲ ಐತವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಬಾಲಪ್ಪನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಬರುತ್ತಿದ್ದ ಒಲಿಂಡಾ ಅವರ ದನಿಯ ಜೊತೆಗೆ ಕೆಮ್ಮೂ ಕೇಳಿಸುತ್ತಿತ್ತು. "ಬಾಲಪ್ಪ, ಇದೆಂತದು ಮಾರಾಯಾ? ಹೊಗೆ ಪೂರ್ತಿ ಮನೆಯ ಒಳಗೆ ಬರ್ತಾ ಉಂಟು. ನೆಂಟರೆಲ್ಲ ಬಂದಾಗಿದೆ. ನೀವು ಒಮ್ಮೆ ಬನ್ನಿ."

ಬಾಲಪ್ಪ ಅಂಗಿ ಹಾಕಿಕೊಂಡ. "ನಾನೂ ಬರತೀನಿ" ಎಂದಳು ರೇಣುಕವ್ವ. ಈ ಫೋನಿಗಾಗಿಯೇ ಅವಳು ಐದು ದಿನ ಕಾದಿದ್ದಳು.

ಬನ್ನಂಜೆಯ ಹಿತ್ತಲಿನಲ್ಲಿ ಹದಿನೈದಿಪ್ಪತ್ತು ಜನ. ಗ್ರಿಲ್ಲಿನ ಮೇಲೆ ಮಸಾಲೆ ಮೆತ್ತಿದ ಬಂಗುಡೆ, ಕೋಳಿ. ಮಳೆಯ ಒಂದು ಹನಿಯೂ ಬೆಂಕಿಗೆ ಬೀಳುತ್ತಿರಲಿಲ್ಲ. ಹೊಗೆ ಮಾತ್ರ ಅವಳು ಹೇಳಿ ಕಳಿಸಿದ ಹಾಗೆ ಹೆಂಚಿನ ಅಡಿಯಲ್ಲಿ ಜಾರಿ, ಮೇಲಿನ ಅಂಚಿನಿಂದ ಹೊರಳಿ, ಸೀದಾ ಅಡುಗೆಮನೆಯ ಕಿಟಕಿಗೆ ನುಗ್ಗುತ್ತಿತ್ತು. ಊಟದ ಮೇಜಿನವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಆಲ್ವಿನ್ ದೊಡ್ಡ ದನಿಯ ಮನುಷ್ಯ. "ಬಾಲಪ್ಪ, ಮಾಡು ಫಸ್ಟ್ ಕ್ಲಾಸ್ ಉಂಟು" ಎಂದ. "ಆದರೆ ನಾವು ಮನುಷ್ಯರು ಮಾರಾಯಾ, ಒಣಗಿಸಲಿಕ್ಕೆ ಇಟ್ಟ ಮೀನು ಅಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ರೇಣುಕವ್ವನ ಎದೆಯಲ್ಲಿಯೂ ಏನೋ ಒಂದು ಸಣ್ಣಗೆ ಕುಣಿಯಿತು. ಆದರೆ ಬಹಳ ಹೊತ್ತು ಕುಣಿಯಲಿಲ್ಲ. ಬಾಲಪ್ಪ ಏಣಿ ಇಟ್ಟುಕೊಂಡು ಮಳೆಯಲ್ಲಿಯೇ ಹತ್ತಿದ. ಏನು ಮಾಡಬೇಕೆಂದು ತೋಚದೆ ಅಲ್ಲೊಂದು ಇಲ್ಲೊಂದು ಹೆಂಚನ್ನು ಸುಮ್ಮಸುಮ್ಮನೆ ಮುಟ್ಟಿ ನೋಡುತ್ತಿದ್ದ. ಜನ ತಟ್ಟೆ ಹಿಡಿದುಕೊಂಡು ಅವನನ್ನು ಮೇಲೆ ಕೆಳಗೆ ನೋಡುತ್ತಿದ್ದರು. ಅವನ ಒದ್ದೆ ಅಂಗಿ ಬೆನ್ನಿಗೆ ಅಂಟಿತ್ತು. ಊರಿನವರೆಲ್ಲ ಕೈ ಚಳಕದವನೆಂದು ಕರೆಯುವ ಗಂಡ ಅಷ್ಟು ಜನರೆದುರು ಹಾಗೆ ಪೆಚ್ಚಾಗಿ ನಿಂತದ್ದನ್ನು ಅವಳಿಂದ ನೋಡಲಾಗಲಿಲ್ಲ.

"ಅಮ್ಮಾರ, ಹೆಂಚಿನಾಗ ಏನೂ ತಪ್ಪಿಲ್ರೀ" ಎಂದಳು ಗಟ್ಟಿಯಾಗಿ. "ಹೊಗಿಗೆ ದಾರಿ ಇಲ್ಲ. ನಮ್ಮೂರ ಮಾಳಿಗಿ ಮನಿಯಾಗ ಒಲಿ ಮ್ಯಾಲ ಒಂದು ಬೆಳಕಿಂಡಿ ಬಿಟ್ಟಿರತಾರ. ಹಂಗ ಇಲ್ಲಿ ಗ್ರಿಲ್ಲಿನ ನೆತ್ತಿ ಮ್ಯಾಲ ನಾಕು ಹೆಂಚು ತಗೀಬೇಕು. ಅದರ ಮ್ಯಾಲ ಗೇಣು ಎತ್ತರಕ್ಕ ಒಂದು ಸಣ್ಣ ಮಾಡು ಕೂಡಿಸಬೇಕು, ಮಳಿ ಒಳಗ ಬರದಂಗ. ಮನಿ ಕಡಿ ಅಂಚಿಗೆ ಒಂದು ತಗಡು ಇಳಿಬಿಟ್ಟರ ಹೊಗಿ ಇತ್ತ ಬರೂದಿಲ್ಲ, ಮ್ಯಾಲಿನ ಕಿಂಡಿ ಹಿಡೀತೈತಿ."

ಆಲ್ವಿನ್ ಮೇಲೆ ನೋಡಿ, ಕಿಟಕಿ ನೋಡಿ, "ಕರೆಕ್ಟ್ ಉಂಟಲ್ಲ!" ಎಂದ. ಬಾಲಪ್ಪ ಏಣಿಯಿಂದ ಇಳಿದು ಅವಳ ಹತ್ತಿರ ಬಂದ.

"ಇದು ನಿನಗ ಈಗ ಹೊಳೀತೇನು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಇಲ್ಲ. ನೀವು ಪಟ್ಟಿ ಬೆಸೆದ ದಿನಾನ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಮಾಲಕರನ್ನ ಯಾಕ ಕೇಳಲಿಲ್ಲ?"

ಅವನು ಮಳೆಯ ನೀರನ್ನು ಒರೆಸುವ ನೆಪದಲ್ಲಿ ಮುಖಕ್ಕೆ ಟವೆಲು ಹಿಡಿದ.

ಮರುದಿನ ಇಬ್ಬರೂ ಹೋಗಿ ಕಿಂಡಿ ಮಾಡಿದರು. ಒಲಿಂಡಾ ಒಲೆ ಹಚ್ಚಿ ನೋಡಿದರು. ಹೊಗೆ ಹೇಳಿದ ಮಾತು ಕೇಳುವ ಮಗುವಿನಂತೆ ಮೇಲಕ್ಕೆ ಹೋಯಿತು. "ಬಾಲಪ್ಪ, ನೀವು ಜಾಣರು ಮಾರಾಯಾ" ಎಂದರು ಅವರು. ಹಿಂದಿನ ದಿನ ಯಾರು ಹೇಳಿಕೊಟ್ಟದ್ದು ಎಂಬುದು ಅವರಿಗೆ ಅಷ್ಟರಲ್ಲೇ ಮರೆತಿತ್ತು. ಬಾಲಪ್ಪ ಬಾಯಿಬಿಟ್ಟು ಅವಳ ಹೆಸರು ಹೇಳುತ್ತಾನೇನೋ ಎಂದು ರೇಣುಕವ್ವ ಕಾದಳು. ಅವನು ನಾಚಿದವನ ಹಾಗೆ ನಕ್ಕ, ಅಷ್ಟೆ. ಅರೆಗಳಿಗೆ ತಣ್ಣಗಾಗಿದ್ದ ಅವಳ ಹೊಟ್ಟೆ ಮತ್ತೆ ಉರಿಯಿತು.

ಬಸ್ ಸ್ಟಾಪಿನಲ್ಲಿ ಅವನೇ ಮಾತು ತೆಗೆದ. "ನನ್ನ ಕೆಲಸಾನ ಮನಿಯಾಗೂ ಮಾಡಬೇಕಂದ್ರ ಬ್ಯಾಸರ ಆಗತಿತ್ತು ರೇಣುಕಿ. ಅದಕ್ಕ ಒಂದು ಸುಳ್ಳು ಹೇಳಿದೆ. ಆಮ್ಯಾಲ ಅದನ್ನ ಹೇಳಕೋತ ಬಂದೆ. ನಾಳಿಗೆ ಮಾಲಕರ ಕಡಿ ಮಾತಾಡತೀನಿ. ಹೆಂಚಿಂದ ಕಟ್ಟಿಕೊಡತೀನಿ."

"ಬ್ಯಾಡ. ನಾ ಮಾತಾಡೀನಿ. ಹನುಮೇಶಗ ಹೇಳೀನಿ, ಗುರುವಾರ ಬಂದು ಮಾಡಿಕೊಡತಾನ."

ಹನುಮೇಶ ಅದೇ ಸಾಲಿನ ಎರಡನೆಯ ಕೋಣೆಯವನು, ತಗಡಿನ ಶೆಡ್ಡು ಹಾಕುವವನು. ಬಾಲಪ್ಪನಿಗೂ ಅವನಿಗೂ ಮೊದಲಿನಿಂದ ಅಷ್ಟಕ್ಕಷ್ಟೆ.

"ಹನುಮೇಶಗ?" ಬಾಲಪ್ಪನಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. "ನಾ ಇರುವಾಗ ಅವಗ್ಯಾಕ ಹೇಳಿದಿ? ಅವ ನಿಲ್ಲಿಸಿದ ಕಂಬ ಯಾವತ್ತರ ನೆಟ್ಟಗ ನಿಂತಾವೇನು? ಜನ ಏನಂತಾರ?"

ಬಸ್ಸು ಬಂತು. ರೇಣುಕವ್ವ ಹತ್ತಿ ಕಿಟಕಿಯ ಪಕ್ಕ ಕೂತಳು.

ಗುರುವಾರ ಮಳೆ ಬಿಟ್ಟು ಹೊಳವಾಗಿತ್ತು. ಬಾಲಪ್ಪ ಆವತ್ತು ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತ. ಹನುಮೇಶ ಗುಂಡಿ ತೋಡಿ ಪೈಪು ನಿಲ್ಲಿಸಿದ. ಎತ್ತರ ಎಷ್ಟು, ಇಳಿಜಾರು ಎತ್ತ, ಹೊಗೆಗೆ ಕಿಂಡಿ ಎಲ್ಲಿ ಎಂದು ರೇಣುಕವ್ವ ಪಕ್ಕದಲ್ಲಿ ನಿಂತು ಹೇಳಿದಳು. ಅವನು ಪ್ರತಿಯೊಂದಕ್ಕೂ "ಆತು ಬಿಡು ಯಕ್ಕಾ, ನೀ ಹೆಂಗಂತಿ ಹಂಗ" ಎಂದ. ಹನ್ನೊಂದಕ್ಕೆ ಅವಳು ದೊಡ್ಡ ಲೋಟದಲ್ಲಿ ಚಹಾ ತಂದುಕೊಟ್ಟು ಎದುರಿಗೇ ಕೂತಳು. ಹನುಮೇಶ ತನ್ನೂರಿನ ಯಾವುದೋ ತಮಾಷೆ ಹೇಳಿದ. ಅವಳು ನಕ್ಕಳು. ತಮಾಷೆ ಅಂಥದ್ದೇನೂ ಆಗಿರಲಿಲ್ಲ. ಅವಳು ಸ್ವಲ್ಪ ಹೆಚ್ಚೇ ನಕ್ಕಳು.

ಬಾಲಪ್ಪ ಮೆಟ್ಟಿಲ ಮೇಲೆ ಮೂರು ಸಲ ಎದ್ದು ಕೂತ. ಕೊನೆಗೆ ತಡೆಯಲಾಗಲಿಲ್ಲ.

"ಆ ಕಂಬ ವಾಲೈತಿ."

"ವಾಲಲಿ" ಎಂದಳು ರೇಣುಕವ್ವ.

"ಎರಡು ಬೆರಳು ವಾಲೈತಿ. ತೂಗುಗುಂಡು ಇಳಿಬಿಟ್ಟು ನೋಡು ಬೇಕಾದ್ರ. ನಾ ಐದು ನಿಮಿಷದಾಗ..."

"ನಿಮಗ ತಲಿನೋವು ಅಲ್ಲೇನು? ಒಳಗ ಹೋಗಿ ಮಲಕೋರಿ."

ಅವನು ಒಳಗೂ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ಸಂಜೆಯವರೆಗೆ ಅಲ್ಲಿಯೇ ಕೂತು, ಪರರ ಕೈಯಲ್ಲಿ ತನ್ನ ಮನೆಯ ಮಾಡು ಏಳುವುದನ್ನು ನೋಡಿದ. ಆ ದಿನ ಅವನ ಮುಖ ನೋಡಿದವರಿಗೆ ಅದು ಯಾವ ನೋವೆಂದು ಗೊತ್ತಾಗಲು ಸಾಧ್ಯವಿರಲಿಲ್ಲ. ರೇಣುಕವ್ವನಿಗೆ ಮಾತ್ರ ಗೊತ್ತಾಯಿತು. ವಾರದ ಹಿಂದೆ ಅದೇ ನೋವು ಹೊತ್ತುಕೊಂಡು ಅವಳು ಬನ್ನಂಜೆಯಲ್ಲಿ ಹೆಂಚು ಎತ್ತಿಕೊಟ್ಟಿದ್ದಳು.

ಮಳೆ ಮತ್ತೆ ಜೋರಾದಾಗ ಅವಳು ಹೊಸ ತಗಡಿನ ಅಡಿಯಲ್ಲಿ ರೊಟ್ಟಿ ಬಡಿದಳು. ಮೇಲೆ ಡೋಲು ಬಡಿದ ಹಾಗೆ ಸದ್ದು, ಕೆಳಗೆ ಒಲೆ ಒಣ. ಮೆಸ್ಸಿನವರು ಆ ಮಳೆಗಾಲ ಮುಖ ಸಿಂಡರಿಸಲಿಲ್ಲ. ಬಾಲಪ್ಪ ಹೇಳಿಸಿಕೊಳ್ಳದೆಯೇ ಬಾಗಿಲಿನ ಕಳಚಿದ ಚಿಲಕಕ್ಕೆ ಮೊಳೆ ಹೊಡೆದ. ಕಂಬ ಸರಿ ಮಾಡುತ್ತೇನೆಂದು ಎರಡು ಸಲ ಕೇಳಿದ, ಅವಳು ಒಪ್ಪಲಿಲ್ಲ.

ದಸರಾ ಕಳೆದ ಮೇಲೆ ಒಲಿಂಡಾ ಅವರ ಚಿಕ್ಕಮ್ಮನ ಮಗಳು ಝೀಟಾ ಕಾಪುವಿನಿಂದ ಫೋನು ಮಾಡಿ, ತಮ್ಮ ಹಿತ್ತಲಿಗೂ ಅಂಥದ್ದೇ ಮಾಡು ಬೇಕೆಂದರು. ಬಾಲಪ್ಪ ಅಳತೆಗೆ ಹೊರಡುವಾಗ ಅವಳನ್ನೂ ಕರೆದ. ಅಲ್ಲಿ ಝೀಟಾ ಅವರ ಎದುರು, "ಹೊಗಿ ವಿಚಾರ ಇವಳದ್ರೀ, ನನಗ ತಿಳಿಯಂಗಿಲ್ಲ" ಎಂದ. ಝೀಟಾ "ಹೌದಾ?" ಎಂದು ಅವಳನ್ನು ನೋಡಿದರು. ಅವಳು ಗಾಳಿಯ ದಿಕ್ಕು ನೋಡಿ ಜಾಗ ತೋರಿಸಿದಳು. ಆಮೇಲೆ ಆ ಮನೆಯ ಹಿಂದೆ ಒಟ್ಟಿದ್ದ ಹೆಂಚಿನ ರಾಶಿ ಕಣ್ಣಿಗೆ ಬಿತ್ತು. ತನ್ನದು ತಗಡು, ಬೇಸಿಗೆಯಲ್ಲಿ ರೊಟ್ಟಿ ಸುಡುವ ಹಂಚಿನಂತೆ ಕಾಯುತ್ತದೆ. ಇವರದೂ ಹೆಂಚೇ ಆಗುತ್ತದೆ. ಹೊಟ್ಟೆಯೊಳಗೆ ಆ ಹಳೆಯ ಉರಿ ಒಮ್ಮೆ ಮೆಲ್ಲಗೆ ಅಲುಗಿತು. ಹೋಗಿಯೇ ಬಿಟ್ಟಿದೆ ಎಂದು ಅವಳು ಎಂದೂ ಹೇಳಿಕೊಂಡವಳಲ್ಲ.

ಹನುಮೇಶ ಈಗಲೂ ಐತವಾರ ಬೆಳಿಗ್ಗೆ ಬಂದು ಆ ತಗಡಿನ ಅಡಿಯಲ್ಲಿ ಕೂತು ಬಿಸಿ ರೊಟ್ಟಿ ತಿನ್ನುತ್ತಾನೆ. ಕಂಬ ತಟ್ಟಿ, "ಹೆಂಗೈತಿ ಯಕ್ಕಾ ನನ್ನ ಕೆಲಸ? ಒಂದು ಹನಿ ಸೋರೇತೇನು?" ಎಂದು ಕೇಳುತ್ತಾನೆ. ಬಾಲಪ್ಪ ಆ ಮಾತು ಕೇಳಿದೊಡನೆ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾನೆ.

"ಒಂದು ಹನೀನೂ ಸೋರಿಲ್ಲ ನೋಡು" ಎಂದು ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ, ರೇಣುಕವ್ವ ಹನುಮೇಶನಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.